ಮುದಕವ್ವನ ಜಾಗದಲ್ಲಿ ಕೂತವಳು

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ಬಸವಲಿಂಗ ಅವರೇ, ಹುಕ್ಕೇರಿಯಿಂದ ದಯಮಾಡಿಸಿರುವ ಅತಿಥಿಗಳೇ, ಗುರುಬಳಗವೇ, ಈಗಾಗಲೇ ಆಕಳಿಸುತ್ತಿರುವ ಹಿಂದಿನ ಸಾಲಿನ ಸಭಿಕರೇ,

ನನಗೆ ವಹಿಸಿದ ಕೆಲಸ ಸಣ್ಣದು. ಮೇಲವಂಕಿಯ ಈ ಶಾಲೆಗೆ ಜಾಗ ಕೊಟ್ಟ ಮುದಕವ್ವ ನನ್ನ ಅಜ್ಜಿ. ಆಕೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದವನು ನಾನೊಬ್ಬನೇ. ಈ ಹೊಸ ಚಿತ್ರದ ಪರದೆ ಸರಿಸಿ, "ಹೌದು, ಇವಳೇ" ಎಂದು ಹೇಳಿ ಕೂತರೆ ಆಯಿತು. ಆದರೆ ಮೈಕು ಸಿಕ್ಕ ಮೇಲೆ ಈ ಬಾಳೇಶ ಎಂದಾದರೂ ಬೇಗ ಕೂತಿದ್ದಾನೆಯೇ?

ಅಜ್ಜಿ ಫೋಟೊ ತೆಗೆಸಲೇ ಇಲ್ಲ. "ಆಯುಷ್ಯ ಕಡಿಮಿ ಆಕ್ಕೈತಿ, ಒಲ್ಲೆ" ಎನ್ನುತ್ತಿದ್ದಳು. ತೀರಿಕೊಂಡ ಮೇಲೆ ಶಾಲೆಯ ಪೂಜೆಗೆ ಫೋಟೊ ಬೇಕಲ್ಲ? ಗೋಕಾಕದಲ್ಲಿ ಫೋಟೊಗಳಿಗೆ ಕಟ್ಟು ಹಾಕುತ್ತಿದ್ದ ಜಾಫರಸಾಬರು ಒಂದು ವಿದೇಶಿ ಕ್ಯಾಲೆಂಡರಿನಿಂದ ಮುದುಕಿಯೊಬ್ಬಳನ್ನು ಹುಡುಕಿ ಕೊಟ್ಟರು. ತಲೆ ತುಂಬ ಬಿಳಿ ಬಟ್ಟೆ, ಮಡಿಲಲ್ಲಿ ಕೈ. "ಸೆರಗ ಹೊತ್ತಾಳ, ಹಿರೇ ಮನಷ್ಯಾಳು. ನಡೀತೈತಿ ತಗೋರಿ" ಎಂದರು. ನಮ್ಮಪ್ಪ ಲಗಮಪ್ಪನೂ, "ಯಾರವ್ವ ಆದ್ರೇನು, ಅವ್ವನ ಅಲ್ಲೇನು" ಎಂದ. ಅಂದಿನಿಂದ ಪ್ರತಿ ವರ್ಷ ಆಕೆಗೆ ಹಾರ ಹಾಕಿದವನು ನಾನೇ.

ಮೊನ್ನೆ ನಮ್ಮ ಸುಮನ್ ಟೀಚರು ಮೊಬೈಲು ಹಿಡಿದು ಓಡಿಬಂದರು. "ಕಾಕಾ, ನಮ್ಮ ಸಾಲ್ಯಾಗ ಇರೋದು ಹಾಲೆಂಡ್ ದೇಶದ ಚಿತ್ರರಿ, ನೂರೈವತ್ತ ವರ್ಷದ್ದು. ಕುಂತಾಕಿ ಯಾರಂತ ಅಲ್ಲೂ ಯಾರಿಗೂ ಗೊತ್ತಿಲ್ಲಂತ!" ಕಮಿಟಿಯವರಿಗೆ ನಾಚಿಕೆಯಾಯಿತು. ಇಳಿಸಿ ಎಂದರು. ಮೂಡಲಗಿಯ ಕಲಾವಿದ ಅರ್ಜುನನನ್ನು ಕರೆಸಿದರು.

ಆತ ಕೇಳಿದ: "ಅಜ್ಜಿ ಮಾರಿ ಹೆಂಗಿತ್ತರಿ?" ನಾನು ಕಣ್ಣು ಮುಚ್ಚಿದೆ. ಬಂದವಳು ಹಾಲೆಂಡಿನವಳು. ಮತ್ತೆ ಮುಚ್ಚಿದೆ. ಅದೇ ಮೂಗು, ಅದೇ ಬಿಳಿ ಬಟ್ಟೆ! "ಹಂಗಾರ ನೀವ ಕುಂದರ್ರಿ, ಮೊಮ್ಮಗನ ಮಾರ್‍ಯಾಗ ಅಜ್ಜಿ ಇರ್ತಾಳ" ಎಂದ ಅರ್ಜುನ.

ಇವತ್ತು ಬೆಳಿಗ್ಗೆ ಚಿತ್ರ ನೋಡಿ ನನ್ನ ಹೆಂಡತಿ ಮರೆವ್ವ, "ಅಯ್ಯ, ನಿಮ್ಮ ಮೀಸಿ ಬೋಳಿಸಿ ಸೀರಿ ಉಡಿಸ್ಯಾರಲ್ರಿ!" ಎಂದಳು. ನಗಿರಿ, ನಗಿರಿ. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಮಹನೀಯರೇ, ನಮ್ಮಜ್ಜಿಯ ಮುಖ ನನ್ನ ಹತ್ತಿರ ಇಲ್ಲ.

ಏನಿದೆ ಹಾಗಾದರೆ? ಸೆರಗಿದೆ. ದಿನಾ ಬೆಳಿಗ್ಗೆ ಅದನ್ನು ಒದ್ದೆ ಮಾಡಿ, "ಇಂಥಾ ಮಾರಿ ತಗೊಂಡ ಸಾಲಿಗೆ ಹೋಗ್ತಾರೇನ?" ಎಂದು ನನ್ನ ಮುಖ ಗಸಗಸ ಉಜ್ಜುತ್ತಿದ್ದಳು. ಅಷ್ಟು ಹತ್ತಿರದಲ್ಲಿ ನಿಂತವನು ಕಣ್ಣು ಬಿಟ್ಟು ನೋಡಬಾರದಿತ್ತೇ? ನೋಡಲಿಲ್ಲ. ಉರಿಯುತ್ತದೆಂದು ಮುಚ್ಚಿಕೊಳ್ಳುತ್ತಿದ್ದೆ.

ಆದ್ದರಿಂದ ಈ ಪರದೆಯನ್ನು ನಾನು ಸರಿಸುವುದಿಲ್ಲ. ಬದುಕಿರುವ ನನ್ನ ಮುಖಕ್ಕೆ ಹಾರ ಹಾಕಬೇಡಿ, ಮರೆವ್ವ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಇನ್ನೂ ಗೋಡೆಯ ಮೇಲಿರುವ ಆ ಪರದೇಶಿಯನ್ನೂ ಇಳಿಸಬೇಡಿ. ಆಕೆಯ ಹೆಸರನ್ನು ಅಲ್ಲಿಯವರು ಕಳೆದುಕೊಂಡರು, ನಮ್ಮವಳ ಮುಖವನ್ನು ನಾನು ಕಳೆದುಕೊಂಡೆ. ಕೆಳಗೆ ನಿಜವನ್ನೇ ಬರೆಸಿ: ಇವಳು ಯಾರೋ ತಿಳಿಯದು, ಮುದಕವ್ವನ ಜಾಗದಲ್ಲಿ ಕೂತಿದ್ದಾಳೆ.

ಹೇಳಬಾರದ್ದನ್ನೂ ಹೇಳಲು ಬಿಟ್ಟ ಅಧ್ಯಕ್ಷರಿಗೆ, ನಗಬೇಕಾದಲ್ಲಿ ನಕ್ಕ ನಿಮಗೆ ವಂದನೆಗಳು. ಹಾರ ಇತ್ತ ಕೊಡಿ. ಹಾಕಿ ಕೈ ಮುಗಿಯುವಾಗ ನಾನು ಕಣ್ಣು ಮುಚ್ಚುತ್ತೇನೆ. ನಮ್ಮಜ್ಜಿಯ ಎದುರು ನಾನು ನಿಂತದ್ದೇ ಹಾಗೆ.

ನಮಸ್ಕಾರ.