ಬೇರೆಯವರ ಚಿತ್ರ

ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಗಂಡ ರಾಫೆಲ್‌ನನ್ನು ಬೆಳಗ್ಗೆ ಸ್ಕ್ಯಾನ್ ಮಾಡಿ ತಲೆಯ ಆಪರೇಷನ್‌ಗೆ ಒಳಗೆ ಕರೆದೊಯ್ದಿದ್ದರು. ಲೂರ್ಡ್ಸ್ ಹೊರಗೆ ಕುಳಿತಿದ್ದಳು. ಪಕ್ಕದ ಕೌಂಟರಿನಲ್ಲಿ ಕಂಪ್ಯೂಟರ್ ರಿಪೇರಿಯವರಿಬ್ಬರು ಪರದೆಗೆ ಬಗ್ಗಿ ಕಮಾಂಡ್ ಹೊಡೆಯುತ್ತಿದ್ದರು.

“ಡಿಸ್ಕಿನಲ್ಲಿ ಜಾಗ ಉಂಟಾ ಮುಖೇಶ್?”

“ಜಾಗ ಬೇಕಾದಷ್ಟು ಉಂಟು ದೀಪೇಶಣ್ಣ. ಆದರೆ ಸ್ಟೇಟಸ್ ಫೇಲ್ ಅಂತ ತೋರಿಸ್ತದೆ.”

“ಇನ್ನೊಮ್ಮೆ ಹಾಕಿ ನೋಡು.”

“ಆಗಿನಿಂದ ಅದನ್ನೇ ಹಾಕ್ತಾ ಇದ್ದೇನೆ.”

“ಬೆಳಗ್ಗಿನ ಸ್ಕ್ಯಾನ್‌ಗಳು?”

“ತೆರೀತವೆ. ಆದರೆ ಒಬ್ಬರ ಹೆಸರು ಒತ್ತಿದರೆ ಬೇರೆಯವರ ಚಿತ್ರ ಬರ್ತದೆ.”

“ಎಂತ ಹೇಳ್ತಿ ಮಾರಾಯ. ಥಿಯೇಟರಿನಲ್ಲಿ ಡಾಕ್ಟರ್ ನೋಡುವುದೂ ಇದನ್ನೇ ಅಲ್ವಾ?”

“ಹೌದು. ಫೋನ್ ಮಾಡಿದೆ, ಒಳಗೆ ಯಾರೂ ತೆಗೀತಿಲ್ಲ.”

“ನಡಿ, ನಾವೇ ಹೋಗಿ ಹೇಳುವ.”

ಇಬ್ಬರೂ ಥಿಯೇಟರಿನತ್ತ ಓಡಿದರು. ಅವರು ತಲುಪುವ ಮೊದಲೇ ಲೂರ್ಡ್ಸ್ ಅದರ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು.