ಪೈಲಟ್ ಆಗಲಿಕ್ಕೆ ಎಷ್ಟು ದಿನಾ ಬೇಕ್ರಿ?

ವೇದಿಕೆಯನ್ನು ಅಲಂಕರಿಸಿರುವ ಈ ಸಮಾರಂಭದ ಅಧ್ಯಕ್ಷರೂ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಮುಕುಂದರಾಯರೇ, ಈ ಸನ್ಮಾನವನ್ನು ಏರ್ಪಡಿಸಿರುವ ಮಹಿಳಾ ಮಂಡಳದ ಅಧ್ಯಕ್ಷರಾದ ನಿರ್ಮಲಾ ಅಕ್ಕಾ ಅವರೇ, ಇಂದಿನ ಸನ್ಮಾನಿತರೂ ಹೊಳೆಮಣ್ಣೂರಿನ ಮಗಳೂ ಆದ ವಿಮಾನ ಚಾಲಕಿ ಕುಮಾರಿ ಅನ್ನಪೂರ್ಣೇಶ್ವರಿ ಅವರೇ, ಅವರ ತಂದೆ ಅಂದಾನೆಪ್ಪನವರೇ, ನರಗುಂದದಿಂದ ಗಜೇಂದ್ರಗಡದಿಂದ ಬಸ್ಸು ಹಿಡಿದು ರೋಣಕ್ಕೆ ಬಂದು, ಊಟ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನನಗೆ ವಹಿಸಿದ ಕಾರ್ಯ ವಂದನಾರ್ಪಣೆ. ಎರಡು ನಿಮಿಷದಲ್ಲಿ ಮುಗಿಸಬೇಕೆಂದು ಅಪ್ಪಣೆಯಾಗಿದೆ. ಆದರೆ ಇಲ್ಲಿ ಮಾತಾಡಿದ ಹಿರಿಯರೆಲ್ಲ ಒಂದು ವಿಷಯದಲ್ಲಿ ತಪ್ಪಿದ್ದಾರೆ. ನಿರ್ಮಲಾ ಅಕ್ಕಾ ಅವರು, "ಒಂದೂವರೆ ವರ್ಷದ ತರಬೇತಿ ಮುಗಿಸಿ ಅನ್ನಪೂರ್ಣೇಶ್ವರಿ ಆಕಾಶಕ್ಕೆ ಏರಿದಳು" ಅಂದರು. ಅಧ್ಯಕ್ಷರು, "ಎರಡು ವರ್ಷದ ತಪಸ್ಸು" ಅಂದರು. ಮೈಕಿನ ಮುಂದ ಎರಡು ವರ್ಷದಾಗ ಆಗ್ತದ್ರಿ. ಆಕಾಶದಾಗ ಆಗೂದಿಲ್ಲ! ಪೈಲಟ್ ಆಗಲಿಕ್ಕೆ ಎಷ್ಟು ದಿನಾ ಬೇಕು ಅನ್ನೂದು ಈ ಸಭಾದಾಗ ಅಕಿ ಬಿಟ್ರ ನನಗೊಬ್ಬಗ ಗೊತ್ತದ.

ನಾನ್ಯಾರು? ನಾನು ಗಜೇಂದ್ರಗಡದ ಶಶಿಕಾಂತ. ಬಸ್ ಸ್ಟ್ಯಾಂಡಿನ ಎದುರು ನಮ್ಮ ಜವಳಿ ಅಂಗಡಿ ಅದ. ಸನ್ಮಾನಿತರ ಜೊತಿ ನನ್ನ ನಿಶ್ಚಯ ಆಗೇದ. ಯಾವಾಗ ಆಗೇದ? ಅದನ್ನ ಕೇಳಬ್ಯಾಡ್ರಿ. ನಿಶ್ಚಯ ಆದ ವರ್ಷ ಹುಟ್ಟಿದ ನಮ್ಮಕ್ಕನ ಮಗಳು ಈಗ ಸಾಲಿಗೆ ಹೋಗ್ತಾಳ.

ಮೊದಲು ಅಕಿಗೆ ಈ ಹುಚ್ಚು ಹ್ಯಾಂಗ ಹತ್ತಿತು ಹೇಳ್ತೀನಿ. ಆ ದೊಡ್ಡ ನೆರಿ ಬಂದ ವರ್ಷ ಮಲಪ್ರಭಾ ಹೊಳೆಮಣ್ಣೂರಿನ ಮನಿಯೊಳಗ ಹೊಕ್ಕಿದ್ದಳು. ಅಕಿ, ಅಕಿ ಅಪ್ಪ, ಅಜ್ಜಿ ಗೌರವ್ವ, ಮೂವರೂ ಮಾಳಿಗಿ ಮ್ಯಾಲೆ. ಹೆಲಿಕಾಪ್ಟರ್ ಬಂತು. ಗೌರವ್ವಜ್ಜಿ, "ಎಮ್ಮಿ ಬಿಟ್ಟು ನಾ ಬರಂಗಿಲ್ಲ, ಅದನ್ನೂ ಹತ್ತಸ್ರಿ" ಅಂತ ಹಟ ಹಿಡದ್ಲು. ಆ ಜವಾನರಿಗೆ ಕನ್ನಡ ಬರ್ತಿರಲಿಲ್ಲ, ಅಜ್ಜೀನ್ನ ಎತ್ತಿ ಒಳಗ ಹಾಕಿದ್ರು. ಎಮ್ಮಿ ಆಮ್ಯಾಲೆ ತಾನ ಈಜಿ ದಂಡಿ ಸೇರಿತು, ಆ ಮಾತು ಬ್ಯಾರೆ. ಎಲ್ಲಾರೂ ಕಣ್ಣು ಮುಚ್ಚಿ ದೇವರ ಹೆಸರು ಹೇಳೂಮುಂದ ಇಕಿ ಒಬ್ಬಾಕಿ ಪೈಲಟನ ಕೈಕಾಲು ಏನು ಮಾಡ್ತಾವ ಅಂತ ನೋಡಿಕೋತ ಕೂತಿದ್ದಳಂತ. ಕೆಳಗ ಇಳಿದ ಮ್ಯಾಲೆ ಎಲ್ಲಾರೂ ಅನ್ನ ಕೊಡೂ ಕಡೆ ಓಡಿದ್ರ, ಇಕಿ ಪೈಲಟನ ಹತ್ರ ಹೋಗಿ ಕೇಳಿದ್ಲು: "ಸರ್, ಇದನ್ನ ಕಲೀಲಿಕ್ಕೆ ಎಷ್ಟು ದಿನಾ ಬೇಕ್ರಿ?"

ಆ ಗದ್ದಲದಾಗ ಅವರಿಗೆ ಏನು ಕೇಳಿಸ್ತೋ ಏನೋ, ಪಾಪ, ಹುಡುಗಿಗೆ ಹಸಿವಾಗೇದ ಅಂತ ಒಂದು ಬಿಸ್ಕೀಟ್ ಪುಡಿಕಿ ಕೊಟ್ಟು ಹೋದ್ರು. ಅಲ್ಲಿಂದ ಶುರು ಆತು ನೋಡ್ರಿ.

ಮುಂದ ಅಕಿ ವಿಮಾನದ ಸಾಲಿಗೆ ಸೇರೂ ಹೊತ್ತಿಗೆ ನಾವು ಹೆಣ್ಣು ನೋಡಲಿಕ್ಕೆ ಹೋದ್ವಿ. ಇಬ್ಬರನ್ನೂ ಮಾತಾಡ್ಕೋರಿ ಅಂತ ಹಿತ್ತಲಕ್ಕ ಕಳಿಸಿದ್ರು. ನಾನು ಏನು ಕೇಳಲಿ ಅಂತ ಬೆವರು ಒರಿಸ್ಕೋತ ನಿಂತಿದ್ದೆ. ಅಕೀನ ಕೇಳಿದ್ಲು: "ನಿಮಗ ಬಣ್ಣ ಎಲ್ಲಾ ಸರಿ ಕಾಣಸ್ತಾವೇನ್ರಿ?" ಪೈಲಟ್ ಆಗಾವ್ರಿಗೆ ಕಣ್ಣಿನ ಪರೀಕ್ಷಾ ಭಾಳ ಬಿಗಿ ಇರ್ತದ. ಅಕಿ ಅದನ್ನ ಮುಗಿಸ್ಕೊಂಡು ಹಿಂದಿನ ದಿನಾನ ಊರಿಗೆ ಬಂದಿದ್ದಳು, ಅದೇ ಗುಂಗಿನಾಗಿದ್ದಳು. ನಾ ಅಂದೆ, "ಜವಳಿ ಅಂಗಡಿಯವ್ರಿ ನಾ. ಗಿಳಿ ಹಸರು, ಪಾಚಿ ಹಸರು, ಎಲಿ ಹಸರು, ಹೆಸರುಕಾಳು ಹಸರು, ಕತ್ತಲದಾಗೂ ಹೇಳ್ತೀನಿ." ಅಕಿ ನಕ್ಕಳು. ನಾ ಪಾಸಾದೆ!

ನಮ್ಮವ್ವ ಒಂದೇ ಮಾತು ಹೇಳಿದ್ಲು, "ಕಲಿಯೂದು ಮುಗೀಲಿ, ಆಮ್ಯಾಲೆ ಮದಿವಿ ಮಾಡೂಣು." ಅಂದಾನೆಪ್ಪ ಮಾವನವರು ಮೀಸಿ ತಿರುವಿ, "ಒಂದೂವರೆ ವರ್ಷ!" ಅಂದ್ರು. ಸಾಲಿಯವರು ಅವರಿಗೆ ಹಂಗ ಹೇಳಿದ್ರು. ಎರಡು ನೂರು ತಾಸು ವಿಮಾನ ಹಾರಿಸಬೇಕು, ಒಂದಿಷ್ಟು ಪರೀಕ್ಷಾ ಪಾಸಾಗಬೇಕು, ಲೈಸನ್ಸ್ ಬರ್ತದ. ನಮ್ಮಪ್ಪ ಸಿದ್ದಲಿಂಗಪ್ಪನವರು ವ್ಯಾಪಾರಸ್ಥರು, ಕೂತಲ್ಲೇ ಲೆಕ್ಕಾ ಹಾಕಿದ್ರು: "ಎರಡು ನೂರು ತಾಸು? ನಾವು ದಿನಾ ಹನ್ನೆರಡು ತಾಸು ಅಂಗಡಿ ತೆಗೀತೀವಿ. ಹದಿನೇಳು ದಿನಕ್ಕ ಮುಗೀತಲ್ಲೋ! ಉಳಿದದ್ದು ಏನು ಮಾಡ್ತಾರ?"

ಉಳಿದದ್ದು ಏನು ಮಾಡ್ತಾರ? ಕಾಯ್ತಾರ್ರಿ. ವಿಮಾನ ಇದ್ರ ಕಲಿಸಾವ್ರು ಇರಂಗಿಲ್ಲ. ಕಲಿಸಾವ್ರು ಬಂದ್ರ ಗಾಳಿ ಅಡ್ಡ ಬೀಸ್ತದ. ಗಾಳಿ ನಿಂತ್ರ ಮೋಡ ಬರ್ತದ. ಮೋಡ ಸರಿದ್ರ ಮುಂದ ಹತ್ತು ಮಂದಿ ಪಾಳಿ. ಒಂದು ಸಲ ವಿಮಾನ ಕೆಟ್ಟು ನಿಂತಿತು, ಅದರ ಸಾಮಾನು ಹಡಗಿನಾಗ ಬರ್ತದ ಅಂದ್ರಂತ. ವಿಮಾನದ ಸಾಮಾನು ಹಡಗಿನಾಗ! ಆ ಸಾಲಿ ಇದ್ದದ್ದು ಮಹಾರಾಷ್ಟ್ರದಾಗ. ಇಲ್ಲಿ ನಮ್ಮ ಬಾಜೂ ಊರು ಸೂಡಿಯ ರೈತರು ಮಳಿ ಬರಲೆಪಾ ಅಂತ ಆಕಾಶ ನೋಡೂಮುಂದ, ನಾನು ಮನಸಿನಾಗ, "ಇಲ್ಲಿ ಬರಲಿ, ಅಲ್ಲಿ ಬ್ಯಾಡ" ಅಂತ ದೇವರಿಗೆ ಜಿಲ್ಲಾ ಹೆಸರು ಹಿಡಿದು ಬೇಡ್ಕೋತಿದ್ದೆ.

ನಾವು ಮೂರು ಸಲ ಮದಿವಿ ತಾರೀಖು ಗೊತ್ತು ಮಾಡಿ ಮೂರು ಸಲ ಬಿಟ್ವಿ. ಶಾಮಿಯಾನಾದ ಖಾಜಾಸಾಬರು ಹಾದಿಯಾಗ ಕಂಡಾಗೊಮ್ಮೆ ಮ್ಯಾಲೆ ನೋಡಿ, "ಶಶಿಯಣ್ಣಾ, ಇನ್ನೂ ಇಳಿದಿಲ್ಲೇನ್ರಿ?" ಅಂತಿದ್ರು.

ಇನ್ನು ರೇಡಿಯೋ ಪರೀಕ್ಷಾ. ಪೈಲಟ್ ಆಗಾವ್ರು ಕೆಳಗ ಟವರಿನಾಗ ಕೂತವರ ಜೊತಿ ಇಂಗ್ಲಿಷಿನಾಗ ಪಟಪಟ ಮಾತಾಡಬೇಕ್ರಿ. ಅಕಿಗೆ ಅಭ್ಯಾಸಕ್ಕ ಯಾರೂ ಸಿಗಲಿಲ್ಲ. ಕಡಿಗೆ ಫೋನಿನಾಗ ನಾನ ಟವರ್ ಆದೆ! ಅಕಿ ಕಳಿಸಿದ ಹಾಳಿ ಗಲ್ಲಾಪೆಟ್ಟಿಗೆ ಮ್ಯಾಲೆ ಇಟ್ಕೊಂಡು, ಕಿವಿಗೆ ವಾಯರ್ ಸಿಗಿಸ್ಕೊಂಡು, ಗಜೇಂದ್ರಗಡದ ಜವಳಿ ಅಂಗಡ್ಯಾಗ ಕೂತು ವಿಮಾನ ಇಳಸ್ತಿದ್ದೆ. ಒಂದಿನ ಸಕ್ಕೂಬಾಯಿ ಅನ್ನೂ ಹಿರೇ ಹೆಣಮಗಳು ಸೀರಿ ಬಿಚ್ಚಿ ನೋಡೂಮುಂದ ನಾನು ಜೋರಾಗಿ "ಹೋಲ್ಡ್ ಪೊಸಿಶನ್!" ಅಂದೆ, ಅಂದ್ರ ವಿಮಾನ ಇದ್ದಲ್ಲೇ ನಿಂದ್ರಸು ಅಂತ. ಪಾಪ, ಅವರು ಸೀರಿ ಎರಡೂ ಕೈಲೆ ಎತ್ತಿ ಹಿಡಿದು ನಿಂತ್ರು. ಎಷ್ಟೋ ಹೊತ್ತಿನ ಮ್ಯಾಲೆ, "ಯಪ್ಪಾ, ಇನ್ನೂ ಹಿಡ್ಕೊಂಡ ನಿಂದ್ರಲೇನು?" ಅಂದ್ರು.

ಇಷ್ಟೆಲ್ಲಾ ಮಾಡಿದ್ರೂ ಅಕಿ ಆ ಪರೀಕ್ಷಾದಾಗ ಫೇಲಾದ್ಲು. ಎರಡನೇ ಸಲಾನೂ ಫೇಲಾದ್ಲು. ಅವತ್ತು ಸಂಜಿಗೆ ಫೋನ್ ಬಂತು. "ರೀ, ನೀವು ಬ್ಯಾರೆ ಹುಡುಗಿ ನೋಡ್ರಿ. ಯಾವಾಗ ಮುಗೀತದ, ಯಾವಾಗ ಮುಗೀತದ ಅಂತ ದಿನಾ ಒಬ್ಬರಲ್ಲ ಒಬ್ಬರು ಕೇಳ್ತಾರ. ನನಗ ಗೊತ್ತಿಲ್ರಿ. ಹೇಳಿ ಹೇಳಿ ಸಾಕಾಗೇದ." ಇಷ್ಟಂದು ಫೋನ್ ಬಂದ್ ಮಾಡಿದ್ಲು. ಆಮ್ಯಾಲೆ ಎಷ್ಟು ಹಚ್ಚಿದ್ರೂ ಹತ್ತಲಿಲ್ಲ.

ಮರುದಿನ ನಾನು ಬಸ್ ಹತ್ತಿದೆ. ಅವ್ವಾ, ಸೊಲ್ಲಾಪುರಕ್ಕ ಚಾದರ ತರಲಿಕ್ಕೆ ಹೋಗ್ತೀನಿ ಅಂದಿದ್ದೆನಲ್ಲ, ಅವತ್ತು ನಾ ಸೊಲ್ಲಾಪುರಕ್ಕ ಹೋಗಿದ್ದಿಲ್ಲ. ಆ ಚಾದರ ತಿರುಗಿ ಬರೂಮುಂದ ಹುಬ್ಬಳ್ಯಾಗ ಕೊಂಡಿದ್ದು. ಅದಕ್ಕ ಅವು ಮೊದಲನೇ ಒಗ್ಯಾಣಕ್ಕ ಬಣ್ಣ ಬಿಟ್ಟಾವ.

ಆ ಸಾಲಿ ತಂತಿ ಬೇಲಿ ಹೊರಗ ಒಂದು ಚಾದ ಅಂಗಡಿ. ಒಳಗ ಬಿಡಲಿಲ್ಲ, ಅಲ್ಲೇ ಕೂತೆ. ಏನೇನು ಹೇಳಬೇಕು ಅಂತ ಹಾದಿಯುದ್ದಕ್ಕೂ ಕೂಡಿಸ್ಕೊಂಡು ಹೋಗಿದ್ದೆ. ಒಂದು ಸಣ್ಣ ವಿಮಾನ ಸುತ್ತು ಹಾಕಿ ಇಳಿಯೂದು, ನೆಲ ಮುಟ್ಟಿ ಮತ್ತ ಏಳೂದು, ಹಂಗ ನಡದಿತ್ತು. ಗಾಳಿ ಅಂದ್ರ ಗಾಳಿ. ಒಂದು ಸಲ ಅದು ಪೂರಾ ಸೊಟ್ಟ ಆಗಿ ಏಡಿ ನಡದಂಗ ಬಂತು. ನನ್ನ ಕೈಯಾಗಿನ ಚಾ ಅಂಗಿ ಮ್ಯಾಲೆ ಚೆಲ್ಲಿತು. ನೆಲ ಮುಟ್ಟೂಮುಂದ ಮಾತ್ರ ನೆಟ್ಟಗ ಆತು, ಹೂವಿನಂಗ ಇಳೀತು. ಅದರೊಳಗಿಂದ ಅನ್ನಪೂರ್ಣಾ ಇಳಿದ್ಲು.

ಬೇಲಿ ಹತ್ರ ಬಂದು ನನ್ನ ನೋಡಿ ಮುಖ ಗಂಟು ಹಾಕಿದ್ಲು. "ಯಾಕ ಬಂದ್ರಿ? ಯಾವಾಗ ಮುಗೀತದ ಕೇಳ್ಲಿಕ್ಕೆ ಬಂದ್ರೇನು?"

ಕೂಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ರಿ. ಬಾಯಿಗೆ ಬಂದದ್ದು ಕೇಳಿದೆ: "ಅದು ಹಂಗ್ಯಾಕ ಸೊಟ್ಟ ಬಂತು?"

ಅಕಿ ನನ್ನ ಅಂಗಿ ಮ್ಯಾಲಿನ ಚಾದ ಕಲೆ ನೋಡಿದ್ಲು. ಆಮ್ಯಾಲೆ ಬೇಲಿ ಆಚಿ ಕುಕ್ಕರಗಾಲಿಲೆ ಕೂತು, ಕಡ್ಡಿ ತಗೊಂಡು ಮಣ್ಣಾಗ ಗೆರಿ ಹೊಡದು, ಗಾಳಿ ಯಾ ಕಡೆಯಿಂದ ಬಂದ್ರ ಮೂತಿ ಯಾ ಕಡೆ ತಿರುವಬೇಕು, ಕಾಲಾಗ ಏನು ಒತ್ತಬೇಕು, ಎಲ್ಲಾ ಹೇಳಿದ್ಲು. ನಾನು ಈಚಿ ಕೂತು ಕೇಳಿದೆ. ಅಷ್ಟು ವರ್ಷ ಅಕಿ ಏನು ಕಲೀತಾಳ ಅಂತ ಯಾರೂ ಕೇಳಿದ್ದಿಲ್ರಿ. ಹೇಳ್ತಾ ಹೇಳ್ತಾ ಅಕಿ ಮುಖ ಅರಳಿತು. ಕಡಿಗೆ ಕಡ್ಡಿ ಒಗದು ಅಂದ್ಲು, "ಇದೆಲ್ಲಾ ಬರ್ತದ್ರಿ ನನಗ. ಆ ರೇಡಿಯೋ ಪರೀಕ್ಷಾದಾಗ ಮಾತ್ರ ದನಿ ಹೊರಗ ಬರೂದಿಲ್ಲ."

ನಾ ಅಂದೆ, "ಹೊಳಿ ದಂಡಿಗೆ ನಿಂತು ಆಚಿ ಹೊಲದಾಗಿನ ನಿಮ್ಮಪ್ಪಗ ಊಟಕ್ಕ ಕರೀತಿದ್ದಿ ಅಲ್ಲ? ಹಂಗ ಒದರು."

ಮೂರನೇ ಸಲ ಹಂಗ ಒದರಿದ್ಲು. ಪರೀಕ್ಷಾ ತಗೊಳ್ಳಾವ್ರು ಕಿವ್ಯಾಗಿನ ಹೆಡ್‌ಫೋನ್ ತಗದು ಕೆಳಗಿಟ್ಟು ಪಾಸ್ ಮಾಡಿದ್ರಂತ.

ಲೈಸನ್ಸ್ ಬಂತು. ಮುಗೀತು ಅಂದ್ರೇನು? ಇಲ್ರಿ! ಸಣ್ಣ ವಿಮಾನ ಕಲಿತಾವ್ರು ದೊಡ್ಡ ವಿಮಾನ ಮುಟ್ಟಂಗಿಲ್ಲ, ಅದಕ್ಕ ಬ್ಯಾರೆ ತರಬೇತಿ. ಅದು ಮುಗಿದ್ರ ನೌಕರಿಗೆ ಕಾಯೂದು. ನೌಕರಿ ಸಿಕ್ಕ ಮ್ಯಾಲೆ ಹಿರಿಯರ ಪಕ್ಕದಾಗ ಕೂತು ಮತ್ತ ಕಲಿಯೂದು. ಹವಾ, ವಿಮಾನ, ನಸೀಬ ಮೂರೂ ಕೂಡಿ ಬಂದಾವ್ರಿಗೆ ಎರಡು ವರ್ಷದಾಗ ಆದದ್ದೂ ಅದ, ಸುಳ್ಳು ಹೇಳೂದಿಲ್ಲ. ನಮ್ಮ ಅನ್ನಪೂರ್ಣಾಗ ನಾಲ್ಕು ವರ್ಷ ದಾಟಿತು. ಈಗ ಅಕಿ ದಿನಾ ಮಂದೀನ ಕೂಡ್ರಿಸ್ಕೊಂಡು ಹಾರ್ತಾಳ. ಎಡಕಿನ ಕುರ್ಚಿಯಾಗ ಕ್ಯಾಪ್ಟನ್, ಬಲಕಿನ ಕುರ್ಚಿಯಾಗ ಹೊಳೆಮಣ್ಣೂರು.

ಮಾನ್ಯ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಂದನೆಗೆ ಮೊದಲು ಒಂದೇ ಒಂದು ಪ್ರಕಟಣೆ. ಮಧ್ಯಾಹ್ನ ಊಟಕ್ಕ ಕೂತಾಗ ಅಕಿ ಮೊಬೈಲಿಗೆ ಮುಂದಿನ ತಿಂಗಳ ಡ್ಯೂಟಿ ಬಂತು. ಹದಿಮೂರರಿಂದ ನಾಲ್ಕು ದಿನ ರಜಾ. ಅಕಿ ಮೊಬೈಲ್ ನನ್ನ ಕಡೆ ತಿರುಗಿಸಿ, "ನೋಡ್ರಿ" ಅಂದ್ಲು. ಕೈ ತೊಳಕೊಳ್ಳೂ ಜಾಗಾದಾಗ ಮುಹೂರ್ತ ನೋಡೂ ನಮ್ಮ ಅಯ್ಯನವರು ಸಿಕ್ಕರು. ಹದಿನಾಲ್ಕು ಹ್ಯಾಂಗದ್ರಿ ಅಂತ ಕೇಳಿದೆ. ಬೆರಳು ಎಣಿಸಿ, "ನಡೀತದ" ಅಂದ್ರು. ಆಮ್ಯಾಲೆ ನನ್ನ ಮುಖ ನೋಡಿ, "ಭಾಳ ಚಲೋ ಅದ" ಅಂದ್ರು.

ಅವ್ವಾ, ಏಳಬ್ಯಾಡ, ಕೂಡು. ಹೌದು, ನಿನಗ ಈಗ ಗೊತ್ತಾತು. ಮಾವನವರಿಗೂ ಈಗ ಗೊತ್ತಾತು. ಮಾವಾ, ಹದಿನಾಲ್ಕಕ್ಕ ನಿಮ್ಮ ಮನಿ ಮುಂದನ ಮದಿವಿ. ಪತ್ರಿಕಾ ಅಚ್ಚು ಹಾಕಸಲಿಕ್ಕೆ ವ್ಯಾಳ್ಯಾ ಇಲ್ಲ, ಈ ಮೈಕೇ ಪತ್ರಿಕಾ ಅಂತ ತಿಳೀರಿ. ಇಲ್ಲಿ ಕೂತಾವ್ರೆಲ್ಲಾ ಬರಬೇಕು, ಬರದ ಇದ್ದವರಿಗೆ ನೀವು ಹೇಳಬೇಕು.

ಈ ಸಭೆಯ ಅಧ್ಯಕ್ಷತೆ ವಹಿಸಿದ ಮುಕುಂದರಾಯರಿಗೆ, ಮಹಿಳಾ ಮಂಡಳದ ಎಲ್ಲ ತಾಯಂದಿರಿಗೆ, ಅಡಿಗೆಯವರಿಗೆ, ಮೈಕಿನವರಿಗೆ, ಎರಡು ನಿಮಿಷದ ಮಾತನ್ನು ಇಷ್ಟು ಹೊತ್ತು ಸಹಿಸಿದ ನಿಮ್ಮೆಲ್ಲರಿಗೆ ನನ್ನ ಹೃತ್ಪೂರ್ವಕ ವಂದನೆಗಳು.

ಅನ್ನಪೂರ್ಣಾ, ನಿನಗ ವಂದನಾ ಹೇಳಂಗಿಲ್ಲ. ಹದಿಮೂರಕ್ಕ ಲಗೂ ಬಾ. ವಿಮಾನ ತಡಾ ಆತಂದ್ರ ಕಾಯಕೋತ ಕೂಡಬ್ಯಾಡ, ಬಸ್ ಹತ್ತಿ ಬಾ.

ಎಲ್ಲರಿಗೂ ನಮಸ್ಕಾರ.