ಗಾಜಿನ ಬಟ್ಟಲಲ್ಲಿ ಬಂಗಾರಿ

...ಅಲ್ಲ ಅಕ್ಕ, ನೀ ನಗೂದ್ ಯಾಕೆ? ಸೋಮನಿಗೆ ತಲೆ ಕೆಟ್ತು ಅಂತ್ಲಾ? ನಿನ್ನೆ ಬಂಗಾರಿನ ಕಂಡು ಬಂದೆ ಅಂದ್ರೆ ಕಂಡೇ ಬಂದೆ! ನಿನ್ನ ತಂಗಿನೇ, ನನ್ನ ಹೆಂಡ್ತಿನೇ. ಸತ್ತು ಆರು ತಿಂಗಳಾತು, ಗೊತ್ತದೆ ನಂಗೆ... ಕೂತ್ಕೋ, ಹೇಳ್ತೆ. ಚಾ ಆಮೇಲಾತು. ಹೊನ್ನಾವರದಿಂದ ಬಸ್ಸು ಹತ್ತಿ ಮುಟ್ಟಳ್ಳಿಗೆ ಬಂದದ್ದೇ ನಿಂಗೆ ಹೇಳೂಕೆ. ಮನೇಲಿ ಯಾರಿದ್ರು? ಗೋಡೆ ಹತ್ರ ಎರಡು ಸಲ ಹೇಳಿ ನೋಡ್ದೆ...

ಆಪರೇಷನ್ ಮಾಡ್ದಾಗ ಅವಳ ಕ್ಯಾನ್ಸರ್ ಗಡ್ಡೆಯ ಒಂದು ಚೂರು ಆಸ್ಪತ್ರೆಯವ್ರು ಇಟ್ಕಂಡಿದ್ರಲ್ಲ? ಅದು ಇನ್ನೂ ಜೀವಂತ ಅದೆ. ಹೌದು! ಗಾಜಿನ ಬಟ್ಟಲಲ್ಲಿ ಸಾಕ್ತಾ ಇದ್ರು. ಮುಂದೂ ಇಟ್ಕಂತೇವೆ, ಸಹಿ ಹಾಕಿ ಅಂತ ಕರೆಸಿದ್ರು. ಒಂದ್ಸಲ ತೋರ್ಸಿ ಅಂತ ನಾನೇ ಕೇಳ್ದೆ. ಅಲ್ಲಿ ಧನ್ಯಶ್ರೀ ಅಂತ ಒಂದು ಹುಡುಗಿ, ನಮ್ಮ ಕುಮಟೆ ಕಡೆಯವ್ಳೇ, ಒಳಗೆ ಕರ್ಕಂಡು ಹೋದ್ಲು.

ಮೊದ್ಲು ಎಂತದೂ ಕಾಣ್ಲಿಲ್ಲ. ಬರೀ ನೀರು. "ಕಾಣೂ ಹಾಂಗೆ ಬಣ್ಣ ಹಾಕೂದಿಲ್ವಾ ತಂಗಿ?" ಅಂದೆ. "ಬಣ್ಣ ಹಾಕಿದ್ರೆ ಜೀವಕೋಶಕ್ಕೆ ತ್ರಾಸು ಮಾವ, ಕೆಲವು ಸಾಯ್ತವೆ. ನಾವು ಬೆಳಕು ಮಾತ್ರ ಹಾಯಿಸ್ತೇವೆ" ಅಂದ್ಲು. ಅಳಿವೆಯಲ್ಲಿ ಸಿಗಡಿ ಮರಿ ಕಂಡಿದ್ಯಲ್ಲ ನೀನು? ಮೈಯೆಲ್ಲ ನೀರಿನ ಹಾಗೇ. ಮರಿ ಕಾಣೂದಿಲ್ಲ, ಕೆಳಗೆ ಮರಳ ಮೇಲೆ ಬೆಳಕು ನಡುಗೂದು ಕಾಣ್ತದೆ. ಹಾಂಗೇ ಅದು! ಆ ನಡುಕ ಹಿಡ್ದು ಅಲ್ಲಿದ್ದ ಮಿಷನ್ನು ಪರದೆ ಮೇಲೆ ಚಿತ್ರ ಬಿಡ್ತದೆ. ಆಗ ಕಂಡಿತು ಅಕ್ಕ... ಉಸಿರಾಡಿದ ಹಾಗೆ... ಒಂದು ಇದ್ದದ್ದು ಎರಡಾತು, ಕಣ್ಣೆದುರೇ! ನಾ ಕೈ ಮುಗ್ದೆ. ಅವಳನ್ನ ಕೊಂದದ್ದಕ್ಕೇ ಕೈ ಮುಗ್ದೆ, ನೋಡು ನನ್ನ ಗತಿ.

ಎಂತ? ಮದ್ದಾ? ಹಾಂ, ಆ ಮಿಷನ್ನು ಇರೂದೇ ಅದ್ಕಂತೆ. ಬಟ್ಟಲಿಗೆ ಮದ್ದು ಬಿಟ್ಟು ಗಂಟೆಗಟ್ಲೆ ಕಾಯೂದು, ಜೀವ ಇದ್ದ ಹಾಗೇ ಎಂತ ಆಗ್ತದೆ ನೋಡೂದು. ಬಂಗಾರಿ ಗಡ್ಡೆದೇ ಹಳೇ ಚಿತ್ರ ಒಂದು ಹಾಕಿ ತೋರ್ಸಿದ್ಲು. ಮೂರು ಮದ್ದಿಗೆ ಜಪ್ಪಯ್ಯ ಅನ್ಲಿಲ್ಲ. ನಾಲ್ಕನೇದು ಬಿಟ್ರು ನೋಡು... ಕುಗ್ಗಿದ್ವು, ಗುಳ್ಳೆ ಎದ್ವು, ಒಂದೊಂದೇ ಸುಮ್ಮನಾದ್ವು. ಎಷ್ಟು ಚಂದ ಹಿಡೀತದೆ ಆ ಮದ್ದು! ಹೋದ ದೀಪಾವಳಿ ಹೊತ್ತಿಗೇ ತೆಗೆದ ಚಿತ್ರ ಅದು...

...ಯಾಕೆ ಬೆರಳು ಮಡಚ್ತೀ ಅಕ್ಕ?

ಹೌದು. ಅವಳು ಹೋದದ್ದು ಸಂಕ್ರಾಂತಿಗೆ.

ಇನ್ನು ಯಾವ ಮದ್ದೂ ಇಲ್ಲ ಅಂದ್ರು ಡಾಕ್ಟ್ರು ಅಂತ ನಿಂಗೆ ಹೇಳಿದ್ದು ನಾನೇ. ಆಗ ಹಾಂಗೇ... ಅಲ್ಲ, ಮೊದ್ಲು ಅವ್ರು ಅಂದದ್ದು ಹಾಂಗೇ... ಹೀಂಗೆ ನೋಡ್ಬೇಡ. ಬೈದ್ಬಿಡು.

...

ಆಸ್ಪತ್ರೆಯಿಂದ ಫೋನು ಬಂದಿತ್ತು. ದೀಪಾವಳಿ ಕಳೆದು ಒಂದು ವಾರಕ್ಕೆ. "ಹೊಸ ಮದ್ದೊಂದು ಹಿಡಿಯೂ ಹಾಂಗೆ ಕಾಣ್ತದೆ. ಬಟ್ಟಲಲ್ಲಿ ಆದದ್ದು ಮೈಯಲ್ಲಿ ಆಗ್ತದೆ ಅಂತ ಹೇಳೂಕಾಗೂದಿಲ್ಲ, ಆದ್ರೂ ಕರ್ಕಂಡು ಬನ್ನಿ" ಅಂದ್ರು. ಅವತ್ತು ಅವಳು ಗಂಜಿ ಉಂಡಿದ್ಲು ಅಕ್ಕ. ತಿಂಗಳ ಮೇಲೆ ಮೊದ್ಲ ಸಲ ವಾಂತಿ ಮಾಡ್ಲಿಲ್ಲ. ಬಾಗಿಲ ಹತ್ರ ಕೂತು ಬಲೆ ಬಿಡಿಸ್ತಾ ಇದ್ಲು. ಮತ್ತೆ ಆ ಸೂಜಿ, ಆ ಕೂದ್ಲು ಉದುರೂದು... ನಾಳೆ ಹೇಳಿದ್ರಾತು ಅಂದ್ಕಂಡೆ. ನಾಳೆನೂ ಉಂಡ್ಲು. ಮತ್ತೆರಡು ಸಲ ಫೋನು ಬಂತು. ನಾ ಎತ್ಲಿಲ್ಲ.

"ಯಾರದ್ದು ಫೋನು?" ಅಂತ ಕೇಳಿದ್ಲು.

"ಬೋಟಿನವ್ರದ್ದು" ಅಂದೆ.